ಕರೆಂಟ್ ಹೋದ ದಿನ ಆ ಹುಡುಗ ಹಾಡಿದ

ತೀರ್ಥಹಳ್ಳಿ ತಾಲೂಕಿನ ಒಂದು ಸಣ್ಣ ಊರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಈ ಕೆಲಸಕ್ಕೆ ಸೇರಿ 16 ವರ್ಷ ಆಯ್ತು. ಹಾಡು ಹೇಳಿಕೊಡೋದು ನಮಗೆ ದಿನದ ಕೆಲಸ. ಆದರೆ ಹಾಡಿನಿಂದ ಮಗುವಿಗೆ ಏನು ಸಿಗುತ್ತದೆ ಅಂತ ನನಗೆ ತಿಳಿಸಿಕೊಟ್ಟಿದ್ದು ಒಬ್ಬ ಹುಡುಗ.

ಅವನಿಗೆ ಮೂರೂವರೆ ವರ್ಷ. ಮಾತು ತೀರಾ ಕಡಿಮೆ. ‘ಅವನಪ್ಪನೂ ಹಿಂಗೇ, ತಡವಾಗಿ ಮಾತಾಡಿದ್ದು. ಬರ್ತದೆ ಬಿಡಿ ಅಕ್ಕೋರೆ’ ಅಂತ ಅಜ್ಜಿ ಹೇಳಿದರು. ನಾನೂ ಮೊಂಡು ಹುಡುಗ ಅಂದುಕೊಂಡು ಗೋಡೆ ಪಕ್ಕ ಹಿಂದೆ ಕೂರಿಸಿಬಿಟ್ಟಿದ್ದೆ. ಮೊಬೈಲಿಗೆ ಸ್ಪೀಕರ್ ಜೋಡಿಸಿ ಹಾಡು ಹಾಕಿದರೆ ಉಳಿದವರೆಲ್ಲ ಕುಣಿಯೋರು. ಅವನು ಬೇರೆಯವರ ಕೈ ನೋಡಿ ಕೈ ಆಡಿಸೋನು, ಅಷ್ಟೇ.

ಜುಲೈ ತಿಂಗಳು. ನಮ್ಮ ಕಡೆ ಮಳೆ ಹಿಡಿದರೆ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಸ್ಪೀಕರ್ ಇಲ್ಲ, ಮೊಬೈಲ್ ಕೂಡ ಸತ್ತಿತ್ತು. ಬಂದಿದ್ದು ಆರೇ ಮಕ್ಕಳು. ಎಲ್ಲರನ್ನೂ ಚಾಪೆ ಮೇಲೆ ಹತ್ತಿರ ಕೂರಿಸಿಕೊಂಡೆ. ಮಾಡಿನ ಮೇಲೆ ಮಳೆ ಸದ್ದು ಎಷ್ಟಿತ್ತೆಂದರೆ ಮುಖಕ್ಕೆ ಮುಖ ಕೊಟ್ಟು ನಿಧಾನಕ್ಕೆ ಹಾಡಬೇಕಾಯ್ತು. ಅಲ್ಲೇ ಕಟ್ಟಿದ ಹಾಡು:

ಬಂತು ಬಂತು ಮಳೆ
ತುಂಬಿ ಬಂತು ಹೊಳೆ
ಕಾಲಿಗೆಲ್ಲ ಕೊಳೆ

ಏಳೆಂಟು ಸಲ ಹಾಡಿದ ಮೇಲೆ ‘ತುಂಬಿ ಬಂತು...’ ಅಂದವಳು ಉಸಿರು ತೆಗೆದುಕೊಳ್ಳೋಕೆ ನಿಂತೆ. ಆ ಹುಡುಗ ನನ್ನ ತುಟಿಯನ್ನೇ ನೋಡುತ್ತಿದ್ದ. ‘ವಳೆ’ ಅಂದ. ಮತ್ತೆ ಹಾಡಿದೆ, ಅದೇ ಜಾಗದಲ್ಲಿ ನಿಲ್ಲಿಸಿದೆ. ಈ ಸಲ ಇನ್ನೂ ಗಟ್ಟಿಯಾಗಿ, ‘ವಳೆ!’

ಖುಷಿ ಆಯ್ತು. ಜೊತೆಗೇ ಎದೆ ಧಸಕ್ಕೆಂದಿತು. ಹತ್ತಿರ ಕೂತು, ತುಟಿ ನೋಡಿದಾಗ ಮಾತ್ರ ಇವನಿಗೆ ಹಾಡು ಬರ್ತಿದೆ ಅಂದರೆ, ಹಿಂದಿನ ಸಾಲಿನಲ್ಲಿ ಇವನಿಗೆ ಕೇಳಿಸುತ್ತಲೇ ಇರಲಿಲ್ವಾ? ಅವನ ಹಿಂದೆ ಹೋಗಿ ಮೆಲ್ಲಗೆ ಹೆಸರು ಕರೆದೆ. ತಿರುಗಲಿಲ್ಲ.

ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದವರಿಗೆ ತೋರಿಸಿದೆ. ಅವರು ಕಿವಿ ಡಾಕ್ಟರ ಹತ್ತಿರ ಕಳಿಸಿದರು. ಪದೇ ಪದೇ ಶೀತ ಆಗಿ ಕಿವಿ ತಮಟೆಯ ಹಿಂದೆ ನೀರು ಕಟ್ಟಿಕೊಂಡಿತ್ತಂತೆ. ಇದರಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ, ಹಾಗಾಗಿ ಮನೆಯವರಿಗೂ ಗೊತ್ತಾಗುವುದಿಲ್ಲ. ಜಾಸ್ತಿ ಮಕ್ಕಳಲ್ಲಿ ಎರಡು ಮೂರು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಮಾತು ಕಲಿಯುವ ವಯಸ್ಸಲ್ಲಿ ಅಷ್ಟು ತಿಂಗಳು ಅಂದರೆ ಕಡಿಮೆ ಏನಲ್ಲ. ಎರಡು ವರ್ಷ ತುಂಬಿದ ಮಗು ‘ಅಮ್ಮ ಬಾ’ ಅನ್ನೋ ಥರ ಎರಡು ಪದ ಸೇರಿಸಿ ಆಡದಿದ್ದರೆ ದಯವಿಟ್ಟು ಮೊದಲು ಕಿವಿ ತೋರಿಸಿ. ‘ಬರ್ತದೆ ಬಿಡಿ’ ಅಂತ ಕಾಯಬೇಡಿ.

ಅಂದಿನಿಂದ ನಾನು ಸ್ಪೀಕರ್ ಹಚ್ಚುವುದು ಬಿಟ್ಟೆ. ಸ್ಪೀಕರ್ ಮಗುವಿಗಾಗಿ ನಿಲ್ಲುವುದಿಲ್ಲ, ನಾವು ನಿಲ್ಲಬಹುದು. ಹಾಡಿನಲ್ಲಿ ಮಾತು ನಿಧಾನ ಆಗುತ್ತದೆ, ಸ್ವರ ಉದ್ದ ಆಗುತ್ತದೆ, ಅದೇ ಪದ ಪ್ರತಿ ಸಲ ಅದೇ ಜಾಗದಲ್ಲಿ ಬರುತ್ತದೆ. ಮುಂದೆ ಏನು ಬರುತ್ತದೆ ಅಂತ ಮಗು ಮೊದಲೇ ಊಹಿಸಿ ಕಾಯುತ್ತದೆ. ಮಳೆ, ಹೊಳೆ, ಕೊಳೆ ಅಂತ ಪ್ರಾಸ ಬಂದಾಗ ಒಂದು ಸದ್ದು ಬದಲಾದರೆ ಅರ್ಥವೇ ಬದಲಾಗುತ್ತದೆ ಅನ್ನುವುದು ಕಿವಿಗೆ ಹೊಳೆಯುತ್ತದೆ. ಚಪ್ಪಾಳೆಯನ್ನೂ ಸುಮ್ನೆ ತಟ್ಟಿಸುವುದಿಲ್ಲ ನಾನು. ‘ತಾ-ವ-ರೆ’ಗೆ ಮೂರು, ‘ಅ-ಜ್ಜಿ’ಗೆ ಎರಡು. ನಮ್ಮ ಕನ್ನಡದಲ್ಲಿ ಹೀಗೆ ಎಣಿಸಿದರೆ ಒಂದು ಚಪ್ಪಾಳೆಗೆ ಒಂದು ಅಕ್ಷರ. ಒಂದನೇ ಕ್ಲಾಸಿಗೆ ಹೋಗಿ ಬರೆಯೋಕೆ ಕೂತಾಗ ಇದು ಕೈ ಹಿಡಿಯುತ್ತದೆ. ಕೈ ತೊಳೆಯಲೂ ಒಂದು ಹಾಡಿದೆ, ಅದು ಮುಗಿಯುವವರೆಗೆ ಸೋಪು ಉಜ್ಜಬೇಕು.

ಹುಡುಗನ ತಾಯಿಗೂ ಮನೆಯಲ್ಲಿ ಹಾಡು ಅಂದೆ. ‘ನಂಗೆ ರಾಗ ಬರಲ್ಲ ಅಕ್ಕೋರೆ’ ಅಂತ ನಾಚಿಕೊಂಡಳು. ಹೊಟ್ಟೆಯಲ್ಲಿ ಆರೇಳು ತಿಂಗಳಿರುವಾಗಲೇ ಮಗುವಿಗೆ ತಾಯಿ ದನಿ ಕೇಳಿಸುತ್ತದೆ, ಹುಟ್ಟಿದ ಕೂಡಲೇ ಆ ದನಿಯನ್ನು ಗುರುತಿಸುತ್ತದೆ. ಅವನಿಗೆ ಬೇಕಾಗಿದ್ದು ರಾಗ ಅಲ್ಲ, ನಿನ್ನ ದನಿ ಅಂತ ಹೇಳಿ ಬಂದೆ.

ನವೆಂಬರಿನಲ್ಲಿ ಅಡಿಕೆ ಸುಲಿಯುವ ಹೊತ್ತಿಗೆ ಅವರ ಮನೆಗೆ ಹೋಗಿದ್ದೆ. ಅವಳು ಮೆಟ್ಟುಗತ್ತಿ ಮೇಲೆ ಕೂತು ಸುಲಿಯುತ್ತಾ ಮಳೆ ಹಾಡನ್ನೇ ಹಾಡುತ್ತಿದ್ದಳು. ಸಿಪ್ಪೆ ರಾಶಿ ಪಕ್ಕ ಅವನು. ‘ಕಾಲಿಗೆಲ್ಲ ಕೊಳೆ’ ಮುಗಿಯಿತು. ಅಮ್ಮ ಅಡಿಕೆ ತೆಗೆದುಕೊಳ್ಳಲು ಕೈ ಚಾಚಿದಳು. ಅವನು ಆ ಕೈ ಹಿಡಿದುಕೊಂಡು, ನಾನು ಯಾವತ್ತೂ ಹೇಳಿಕೊಡದ ನಾಲ್ಕನೇ ಸಾಲು ಹಾಡಿದ: ‘ಅಮ್ಮನ ಕೈಲಿ ಬಳೆ.’