ಒಂದೇ ಕಾಲು ಊದಿಕೊಂಡಾಗ

ಅಕ್ಕನಿಗೆ ಹೆರಿಗೆಯಾಗಿ ಹನ್ನೊಂದು ದಿನಗಳಾಗಿದ್ದವು. ಎಡಗಾಲಿನ ಮೀನಖಂಡ ಹಿಡಿದುಕೊಂಡಂತಿದೆ ಎಂದು ಅವಳು ಹೇಳಿದಾಗ, ಬಾಣಂತಿಯ ಕಾಲು ಊದುವುದು ಸಹಜವೆಂದು ಮನೆಯವರೆಲ್ಲ ಸಮಾಧಾನ ಹೇಳಿದೆವು. ನಾನಂತೂ ಪಕ್ಕದಲ್ಲಿ ಕುಳಿತು ಕಾಲನ್ನು ಒತ್ತಿಯೂ ಕೊಟ್ಟೆ. ಮೂರನೆಯ ದಿನ ಆ ಕಾಲು ಎದ್ದುಕಾಣುವಷ್ಟು ದಪ್ಪವಾಗಿ, ಮುಟ್ಟಿದರೆ ಬಿಸಿಯಾಗಿತ್ತು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಊದಿರುವುದು ಒಂದು ಕಾಲೋ ಎರಡೂ ಕಾಲುಗಳೋ ಎಂಬುದು. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ತೊಡೆಯ ಆಳದ ಅಭಿಧಮನಿಯೊಳಗೆ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದೊಳಗೆ, ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ಇದನ್ನೇ ಡೀಪ್ ವೇನ್ ಥ್ರಾಂಬೋಸಿಸ್, ಚಿಕ್ಕದಾಗಿ ಡಿವಿಟಿ ಎನ್ನುತ್ತಾರೆ.

ಹೃದಯದಿಂದ ಕಾಲಿಗೆ ಇಳಿಯುವ ರಕ್ತಕ್ಕೆ ಹೃದಯದ ಒತ್ತಡವೇ ಬಲ. ಆದರೆ ಪಾದದಿಂದ ಮೇಲೇರುವ ರಕ್ತಕ್ಕೆ ಆ ಬಲ ಸಾಲದು. ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತವೆ, ಒಳಗಿನ ಪುಟ್ಟ ಕವಾಟಗಳು ಅದು ಕೆಳಗೆ ಜಾರದಂತೆ ತಡೆಯುತ್ತವೆ. ರಕ್ತ ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚುವುದು ಎಂಬ ಮೂರು ಕಾರಣಗಳನ್ನು ಇಂದಿಗೂ ವೈದ್ಯಕೀಯದಲ್ಲಿ 19ನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

ಬಾಣಂತಿಯಲ್ಲಿ ಈ ಮೂರೂ ಒಟ್ಟಿಗೆ ಸೇರುತ್ತವೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಹೆರಿಗೆಯ ರಕ್ತಸ್ರಾವವನ್ನು ತಡೆಯಲು ದೇಹವೇ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಅಣಿಗೊಳಿಸಿರುತ್ತದೆ, ಬೆಳೆದ ಗರ್ಭಕೋಶ ಸೊಂಟದ ನಾಳಗಳನ್ನು ಒತ್ತಿರುತ್ತದೆ, ಹೆರಿಗೆಯಲ್ಲಿ ಅವುಗಳಿಗೆ ಪೆಟ್ಟೂ ಆಗಿರಬಹುದು. ಹೆರಿಗೆಯ ನಂತರದ 6 ವಾರಗಳಲ್ಲಿ ಅಪಾಯ ಅತಿ ಹೆಚ್ಚು. ಎಡಗಾಲೇ ಹೆಚ್ಚಾಗಿ ಊದುವುದಕ್ಕೂ ಕಾರಣವಿದೆ: ಹೃದಯದಿಂದ ಬಲಗಾಲಿಗೆ ರಕ್ತ ಒಯ್ಯುವ ಅಪಧಮನಿಯು ಎಡಗಾಲಿನಿಂದ ಬರುವ ಅಭಿಧಮನಿಯ ಮೇಲೆ ಹಾದುಹೋಗಿ ಅದನ್ನು ಅದುಮುತ್ತದೆ. ಸೊಂಟ ಅಥವಾ ಮೊಣಕಾಲಿನ ಶಸ್ತ್ರಚಿಕಿತ್ಸೆ, ಹಾಸಿಗೆ ಹಿಡಿಯುವ ಕಾಯಿಲೆ, ಕ್ಯಾನ್ಸರ್, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ, ಗಂಟೆಗಟ್ಟಲೆ ಅಲುಗಾಡದೆ ಕುಳಿತು ಮಾಡುವ ಪ್ರಯಾಣ, ಮನೆತನದಲ್ಲಿ ಹರಿದುಬಂದ ದೋಷ, ಇವೂ ಕಾರಣಗಳೇ.

ಚರ್ಮದಡಿಯಲ್ಲಿ ಹಾವಿನಂತೆ ಸುರುಳಿಸುತ್ತಿ ಉಬ್ಬುವ ವೆರಿಕೋಸ್ ವೇನ್ ಬೇರೆಯೇ ತೊಂದರೆ. ಅಲ್ಲಿ ಸೋತಿರುವುದು ಮೇಲ್ಪದರದ ನಾಳಗಳ ಕವಾಟ. ಅದು ಕಣ್ಣಿಗೆ ಹೆಚ್ಚು ಕಂಡರೂ ಸಾಮಾನ್ಯವಾಗಿ ಜೀವಕ್ಕೆ ಎರವಾಗುವಂಥದ್ದಲ್ಲ. ಆದರೆ ಹಿಮ್ಮಡಿಗಂಟಿನ ಒಳಬದಿಯ ಚರ್ಮ ಕಪ್ಪಾಗತೊಡಗಿದರೆ ಮುಂದೆ ಅಲ್ಲಿ ಮಾಯದ ಹುಣ್ಣಾಗಬಹುದು, ಆದ್ದರಿಂದ ಅದನ್ನೂ ತೋರಿಸಿಕೊಳ್ಳಬೇಕು.

ಆಳದ ಹೆಪ್ಪಿನ ನಿಜವಾದ ಭಯ ಕಾಲಿನಲ್ಲಿಲ್ಲ. ಅದರ ತುಣುಕೊಂದು ಕಳಚಿ, ಹೃದಯದ ಮೂಲಕ ಹಾದು ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಂಡರೆ ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಚುಚ್ಚುವ ಎದೆನೋವು, ಎದೆಬಡಿತದ ವೇಗ, ಕೆಮ್ಮಿನಲ್ಲಿ ರಕ್ತ, ಕೆಲವರಲ್ಲಿ ಪ್ರಜ್ಞೆ ತಪ್ಪುವುದು ಕಾಣಿಸುತ್ತದೆ. ಆಗ ಬೆಳಗಾಗಲಿ ಎಂದು ಕಾಯುವಂತಿಲ್ಲ. ಕೆಲವರಲ್ಲಿ ಕಾಲು ಯಾವ ಸೂಚನೆಯನ್ನೂ ಕೊಡದೆ ಇದೇ ಮೊದಲ ಲಕ್ಷಣವಾಗುವುದೂ ಉಂಟು. ನಾನು ಒತ್ತಿದ ಆ ಕಾಲಿನಿಂದ ಹೆಪ್ಪು ಕದಲಬಹುದಿತ್ತು ಎಂಬ ನೆನಪು ಈಗಲೂ ನನ್ನನ್ನು ನಡುಗಿಸುತ್ತದೆ.

ಅಕ್ಕನಿಗೆ ಮೊದಲು ಹೆಪಾರಿನ್ ಚುಚ್ಚುಮದ್ದು, ಬಳಿಕ ವಾರ್ಫರಿನ್ ಮಾತ್ರೆ ಕೊಟ್ಟರು. ಎರಡೂ ಎದೆಹಾಲು ಕುಡಿಸಲು ಅಡ್ಡಿಯಾಗಲಿಲ್ಲ. ಈ ಔಷಧಗಳು ಹೆಪ್ಪನ್ನು ಕರಗಿಸುವುದಿಲ್ಲ, ಅದು ಬೆಳೆಯದಂತೆ ತಡೆಯುತ್ತವೆ, ಕರಗಿಸುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡುತ್ತದೆ. ಆದ್ದರಿಂದಲೇ ಊತ ಇಳಿದರೂ ಕನಿಷ್ಠ 3 ತಿಂಗಳು ಔಷಧ ನಿಲ್ಲಿಸಬಾರದೆಂದು ವೈದ್ಯರು ಮತ್ತೆ ಮತ್ತೆ ಹೇಳಿದರು. ಅವಳ ಎರಡನೆಯ ಬಸಿರಿನಲ್ಲಿ ಮೊದಲ ತಿಂಗಳುಗಳಿಂದಲೇ ಪ್ರತಿದಿನ ಚುಚ್ಚುಮದ್ದು ನಡೆಯಿತು. ಆ ಸಲ ಎರಡೂ ಪಾದಗಳು ಸಮನಾಗಿ ಊದಿದವು, ಸಮನಾಗಿಯೇ ಇಳಿದವು.