ಕೊರಿಯಾದ ‘ನಮ್ಮಮ್ಮ’

ಹಾಸನದ ನಮ್ಮ ಕಾಲೇಜಿನ ಓದುಬಳಗದಲ್ಲಿ ಕೊರಿಯಾದ ಈಗಿನ ಕವಿತೆ, ಸಣ್ಣಕತೆ ಓದಲು ಒಂದು ಕ್ರಮವಿತ್ತು. ಈಗಿನ ವಿದ್ಯಾರ್ಥಿಗಳಿಗೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. ಒಬ್ಬರು ಇಂಗ್ಲಿಷ್ ಅನುವಾದವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅದನ್ನೇ ಆಡುಮಾತಿನಲ್ಲಿ ಹೇಳುವುದು. ನಾಲಿಗೆ ತಡವರಿಸಿದ ಕಡೆ ಪೆನ್ಸಿಲ್ ಗುರುತು. ಸಂಜೆಗೆ ಒಂದೇ ಕವಿತೆ, ಇಲ್ಲವೇ ಕತೆಯ ಎರಡು ಪುಟ. ಹೆಚ್ಚಾದರೆ ಬರೀ ಕಥಾಸಾರ ಉಳಿಯುತ್ತದೆ.

ಗುರುತು ಬೀಳುವ ಕಡೆ ತೊಡಕು ಬಹಳ ಸಲ ಇಂಗ್ಲಿಷಿನದು. ಕೊರಿಯನ್ನರು ಸಾಮಾನ್ಯವಾಗಿ ‘ನನ್ನ ಅಮ್ಮ’ ಎನ್ನುವುದಿಲ್ಲ; ‘ಉರಿ ಒಮ್ಮಾ’, ಅಂದರೆ ನಮ್ಮಮ್ಮ. ಒಬ್ಬನೇ ಮಗನಾದರೂ ಹಾಗೇ. ತಂದೆಯನ್ನಂತೂ ‘ಅಪ್ಪಾ’ ಎಂದೇ ಕರೆಯುತ್ತಾರೆ! ಇಂಗ್ಲಿಷ್ ಇದನ್ನು ‘ಮೈ ಮದರ್’ ಮಾಡುತ್ತದೆ, ನಾವು ಅದನ್ನು ಕುರುಡಾಗಿ ‘ನನ್ನ ತಾಯಿ’ ಮಾಡುತ್ತೇವೆ. ‘ಯೂ’ ಕೂಡ ಹೀಗೇ. ಮೂಲದಲ್ಲಿ ಮರ್ಯಾದೆಯ ಮಾತು ಬೇರೆ, ಸಲಿಗೆಯ ಮಾತು ಬೇರೆ. ಆದ್ದರಿಂದ ಯಾರು ದೊಡ್ಡವರು, ಯಾರಿಗೆ ಯಾರು ಏನಾಗಬೇಕು ಎಂದು ಮೊದಲು ಅಂಚಿನಲ್ಲಿ ಬರೆದುಕೊಂಡು, ಆಮೇಲೆ ನೀನು, ನೀವು ಗೊತ್ತುಮಾಡಬೇಕು.

ಕನ್ನಡದ್ದೇ ತೊಡಕೂ ಇದೆ. ಕೊರಿಯನ್ ಕ್ರಿಯಾಪದ ಗಂಡು ಹೆಣ್ಣು ಹೇಳುವುದಿಲ್ಲ, ಕರ್ತೃಪದವನ್ನೂ ಎಷ್ಟೋ ಸಲ ಬಿಡುತ್ತದೆ. ನಮ್ಮ ‘ಬಂದಳು’ ಕವಿ ಮುಚ್ಚಿಟ್ಟಿದ್ದನ್ನು ಬಯಲು ಮಾಡಿಬಿಡುತ್ತದೆ. ಅಲ್ಲಿ ‘ಬಂದದ್ದು’, ‘ಬಂದಾಗ’ ಎಂದು ತಿರುಗಿಸಿ ನೋಡಿ.

ಕಿಮ್ ಹೇಸೂನ್ ಅವರ, 2019ರಲ್ಲಿ ಕೆನಡಾದ ಗ್ರಿಫಿನ್ ಪ್ರಶಸ್ತಿ ಪಡೆದ ಸಂಕಲನದಲ್ಲಿ 49 ಕವಿತೆಗಳಿವೆ. ಸತ್ತ ಜೀವ ಮರುಹುಟ್ಟಿಗೆ ಮುಂಚೆ 49 ದಿನ ಅಲೆಯುತ್ತದೆ ಎಂಬ ಬೌದ್ಧ ನಂಬಿಕೆಯ ಲೆಕ್ಕ ಅದು. ಅಲ್ಲಿ ನಮ್ಮ ಹನ್ನೊಂದನೆಯ ದಿನದ ತಿಥಿಯನ್ನು ತರಬಾರದು. ಲೆಕ್ಕ ತಪ್ಪಿದರೆ ಪುಸ್ತಕದ ಕಟ್ಟೇ ಕುಸಿಯುತ್ತದೆ.

ತಿನಿಸಿನಲ್ಲೂ ಎಚ್ಚರ ಬೇಕು. ‘ರೈಸ್ ಕೇಕ್’ ಎಂದರೆ ಬೇಕರಿಯ ಕೇಕಲ್ಲ, ಅಕ್ಕಿಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ತ್ತೊಕ್. ನಮ್ಮ ಕಡುಬಿನ ನೆಂಟ, ಆದರೆ ಕಡುಬಲ್ಲ. ಹೆಸರು ಹಾಗೇ ಇರಲಿ, ಪಕ್ಕದಲ್ಲಿ ‘ಹಬೆ’ ಎಂಬ ಮಾತು ಬಂದರೆ ಸಾಕು.

ಹಾನ್ ಕಾಂಗ್ ಅವರಿಗೆ 2024ರಲ್ಲಿ ನೊಬೆಲ್ ಬಂದ ಮೇಲೆ ಅನೇಕರು ಅವರ ಕಾದಂಬರಿಗಳಿಂದಲೇ ಶುರುಮಾಡುತ್ತಾರೆ. ಅದಕ್ಕೂ ಮುಂಚೆ ನಮ್ಮ ಊರಿನ ಬಾನು ಮುಷ್ತಾಕ್ ಅವರ ಒಂದು ಕತೆಯನ್ನು ಕನ್ನಡದಲ್ಲೂ, 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ದೀಪಾ ಭಾಸ್ತಿ ಅವರ ಇಂಗ್ಲಿಷಿನಲ್ಲೂ ಎದುರುಬದುರಾಗಿ ಇಟ್ಟುಕೊಂಡು ಓದಿ. ಅಡಿಟಿಪ್ಪಣಿ ಇಲ್ಲದೆ ನಮ್ಮ ಪದಗಳು ಅಲ್ಲಿ ಹೇಗೆ ನಿಂತಿವೆ, ಯಾವುದು ಜಾರಿದೆ ಎಂದು ಗುರುತು ಹಾಕಿ. ಅದೇ ಪೆನ್ಸಿಲ್ ಹಿಡಿದು ಬೋರಾ ಚಂಗ್ ಅವರ ಸಣ್ಣಕತೆಗಳಿಗೆ ಹೋಗಿ.