ವಿದೇಶ ಪ್ರವಾಸದ ಲೆನ್ಸ್ ಪಟ್ಟಿ: 14-35 ಹೊರಗೆ, 70-200 ಒಳಗೆ

ಕ್ಯಾಮೆರಾ ಬಾಡಿ ಕ್ಯಾನನ್ ಆರ್6 ಮಾರ್ಕ್ 2, ಅದರ ಮೇಲೆ ಸದಾ ಇರುವ ಲೆನ್ಸ್ ಆರ್‌ಎಫ್ 24-105 ಎಫ್/4. ಇಷ್ಟು ಮೊದಲೇ ಗಟ್ಟಿಯಾಗಿತ್ತು. (24-105 ಎಂಬುದು ಮಿ.ಮೀ. ಲೆಕ್ಕದ ಫೋಕಲ್ ಲೆಂತ್: ಅಂಕಿ ಚಿಕ್ಕದಾದಷ್ಟು ನೋಟ ಅಗಲ, ದೊಡ್ಡದಾದಷ್ಟು ದೂರದ್ದು ಹತ್ತಿರ. ಎಫ್ ಅಂಕಿ ಚಿಕ್ಕದಾದಷ್ಟು ಒಳಬರುವ ಬೆಳಕು ಹೆಚ್ಚು.) ಹಳೆಯ ಊರುಗಳ ಓಣಿ, ದೊಡ್ಡ ಕಟ್ಟಡಗಳ ಒಳಾಂಗಣ, ನಡುವೆ ಬೆಟ್ಟ ಎಲ್ಲವೂ ಇರುವ ಪ್ರವಾಸಕ್ಕೆ ಎರಡನೇ ಜೂಮ್ ಯಾವುದು ಎಂಬುದೇ ಉಳಿದಿದ್ದ ಪ್ರಶ್ನೆ: 14-35 ಎಫ್/4 ಅಥವಾ 70-200 ಎಫ್/4.

ಉತ್ತರ ಸಿಕ್ಕಿದ್ದು ಹಳೆಯ ಫೋಟೊಗಳಲ್ಲಿ. ಫೋಟೊ ತಂತ್ರಾಂಶ ಲೈಟ್‌ರೂಮ್‌ನ ಮೆಟಾಡೇಟಾ (ಫೋಟೊ ಜೊತೆ ದಾಖಲಾದ ಮಾಹಿತಿ) ಫಿಲ್ಟರ್‌ನಲ್ಲಿ ಫೋಕಲ್ ಲೆಂತ್ ಆರಿಸಿದರೆ ಯಾವ ಅಳತೆಯಲ್ಲಿ ಎಷ್ಟು ಚಿತ್ರಗಳಿವೆ ಎಂದು ತೋರಿಸುತ್ತದೆ. ತೆಗೆದದ್ದನ್ನೆಲ್ಲ ಎಣಿಸಿದರೆ ಲೆಕ್ಕ ದಾರಿ ತಪ್ಪುತ್ತದೆ. ಸ್ಟಾರ್ ಕೊಟ್ಟು ಉಳಿಸಿಕೊಂಡವನ್ನು ಮಾತ್ರ ಹಿಡಿಯಬೇಕು. ಮುಖ್ಯವಾಗಿ ನೋಡಬೇಕಾದ್ದು ಜೂಮ್‌ನ ಎರಡು ತುದಿಗಳನ್ನು. ಇಲ್ಲಿ 105ರಲ್ಲಿ ತೆಗೆದವುಗಳಲ್ಲಿ ಬಹುಪಾಲು ಆಮೇಲೆ ಕ್ರಾಪ್ ಆಗಿವೆ (ಅಂಚು ಕತ್ತರಿಸಿ ಹತ್ತಿರ ಮಾಡಿದ್ದು), 24ರಲ್ಲಿ ತೆಗೆದವು ಬಹುತೇಕ ಹಾಗೇ ಇವೆ. ಅಂದರೆ ಕೊರತೆ ಇರುವುದು ದೂರದ ಕಡೆ.

ಇನ್ನೊಂದು ಕಾರಣವೂ ಇದೆ. ಅಗಲವನ್ನು ಹಲವು ಚಿತ್ರ ಜೋಡಿಸಿ ಪಡೆಯಬಹುದು, ದೂರವನ್ನು ಹಾಗೆ ಪಡೆಯಲು ಆಗುವುದಿಲ್ಲ. 105ರ ಚಿತ್ರವನ್ನು 200ರಷ್ಟು ಹತ್ತಿರಕ್ಕೆ ಕ್ರಾಪ್ ಮಾಡಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು 7ಕ್ಕೂ ಕಡಿಮೆ. ಅದೇ 24ರಲ್ಲಿ ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ನಾಲ್ಕು ಫ್ರೇಮ್ ತೆಗೆದರೆ ಅಗಲವಾದ ನೋಟ ಧಾರಾಳವಾಗಿ ಸಿಗುತ್ತದೆ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನ್ಯುಯಲ್‌ನಲ್ಲಿ ಲಾಕ್ ಮಾಡಬೇಕು. ಒಳಾಂಗಣದಲ್ಲಿ ಕೆಡುವುದು ಹತ್ತಿರದ ಕಂಬಗಳಲ್ಲಿ. ನಿಂತಲ್ಲೇ ಮೈ ತಿರುಗಿಸಿದರೆ ಲೆನ್ಸ್ ಜಾಗ ಬದಲಿಸುತ್ತದೆ, ಜೋಡಿಸುವಾಗ ಕಂಬ ಮುರಿದಂತೆ ಕಾಣುತ್ತದೆ. ಲೆನ್ಸ್ ಇದ್ದಲ್ಲೇ ಇರಬೇಕು, ಅದರ ಸುತ್ತ ನಾವು ಸರಿಯಬೇಕು. ಜನ ಓಡಾಡುವ ಜಾಗದಲ್ಲಿ ಈ ಉಪಾಯ ನಡೆಯುವುದಿಲ್ಲ. ಆ ನಷ್ಟವನ್ನು ಒಪ್ಪಿಕೊಂಡೇ 14-35 ಕೈಬಿಟ್ಟದ್ದು.

ಮೂರನೆಯದು ಆರ್‌ಎಫ್ 35 ಎಫ್/1.8. ಎಫ್/4ರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ, ಹೆಚ್ಚಿದಷ್ಟು ಚಿತ್ರ ಕಾಳುಕಾಳು) 6400 ಬೇಡುವ ಸಂಜೆಯ ಬೀದಿಗೆ ಇದರಲ್ಲಿ 1250ರಷ್ಟು ಸಾಕು. ಸ್ಟೆಬಿಲೈಸೇಶನ್ ಇದೆಯಲ್ಲ ಎಂದು ಇದನ್ನು ಬಿಟ್ಟುಹೋಗುವವರು ಗಮನಿಸಬೇಕು: ಅದು ಕೈ ನಡುಕವನ್ನು ತಡೆಯುತ್ತದೆ, ನಡೆಯುವ ಮನುಷ್ಯನನ್ನು ನಿಲ್ಲಿಸುವುದಿಲ್ಲ. ನಡೆಯುವವರಿಗೆ 1/125 ಸೆಕೆಂಡಿನ ಶಟರ್ ವೇಗ ಬೇಕೇ ಬೇಕು. ಜೊತೆಗೆ 17 ಸೆಂ.ಮೀ.ವರೆಗೆ ಹತ್ತಿರ ಫೋಕಸ್ ಆಗುವುದರಿಂದ ಬೇರೆ ಮ್ಯಾಕ್ರೋ ಲೆನ್ಸ್ ಬೇಡ.

ತೂಕ: ಬ್ಯಾಟರಿ, ಕಾರ್ಡ್ ಸಮೇತ ಬಾಡಿ 670 ಗ್ರಾಂ, ಲೆನ್ಸ್‌ಗಳು ಕ್ರಮವಾಗಿ 700, 695, 305. ಒಟ್ಟು 2,370 ಗ್ರಾಂ. ಕಂಪನಿ ಕೊಡುವ ಅಂಕಿಗಳಲ್ಲಿ ಹುಡ್ (ಅಡ್ಡ ಬೆಳಕು ತಡೆಯುವ ಮರೆ), ಕ್ಯಾಪ್, ಫಿಲ್ಟರ್ ಸೇರಿರುವುದಿಲ್ಲ, ಹಾಗಾಗಿ ಎಲ್ಲವನ್ನೂ ತುಂಬಿಸಿದ ಬ್ಯಾಗನ್ನೇ ತೂಗುವುದು ಸರಿ. ಕ್ಯಾಬಿನ್ ಮಿತಿ 7 ಕೆ.ಜಿ. ಇರುವ ವಿಮಾನಗಳಲ್ಲಿ ಈ ಲೆಕ್ಕ ನಿಜಕ್ಕೂ ಮುಖ್ಯ. ಬಿಡಿ ಬ್ಯಾಟರಿಗಳು ಚೆಕ್-ಇನ್ ಲಗೇಜಿನಲ್ಲಿ ಹೋಗುವಂತಿಲ್ಲ. ಟರ್ಮಿನಲ್‌ಗೆ ಮುಚ್ಚಳ ಹಾಕಿ ಕೈಚೀಲದಲ್ಲೇ ಇಡಬೇಕು.

ಎರಡೂ ಜೂಮ್‌ಗಳ ಫಿಲ್ಟರ್ ಅಳತೆ 77 ಮಿ.ಮೀ., ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಒಂದೇ ಸಾಕು. 35ಕ್ಕೆ 52-77 ಸ್ಟೆಪ್-ಅಪ್ ರಿಂಗ್ (ಸಣ್ಣ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಹಾಕಿದರೆ ಅದೂ ಹೊಂದುತ್ತದೆ, ಆದರೆ ಹುಡ್ ಕೂರುವುದಿಲ್ಲ. ರಾತ್ರಿ ಲೆನ್ಸಿನ ಗಾಜು ಕಾಯುವ ಪ್ರೊಟೆಕ್ಟರ್ ಫಿಲ್ಟರ್ ತೆಗೆಯಲೇಬೇಕು, ಇಲ್ಲವಾದರೆ ಬೀದಿದೀಪದ ಪ್ರತಿಬಿಂಬ ಕರಿ ಆಕಾಶದಲ್ಲಿ ಹಸಿರು ಚುಕ್ಕೆಯಾಗಿ ಕೂರುತ್ತದೆ.

ಬಾಕಿ ಕೆಲಸ ಎರಡು. ಎಫ್/16ರಲ್ಲಿ ಆಕಾಶದ ಚಿತ್ರ ತೆಗೆದು ಸೆನ್ಸರ್ ಧೂಳು ನೋಡುವುದು. ದೂರದ ಒಂದೇ ಗೋಪುರವನ್ನು ಫ್ರೇಮಿನ ನಾಲ್ಕೂ ಮೂಲೆಗೆ ತಂದು ಎಫ್/4ರಲ್ಲಿ ತೆಗೆದು ಹೋಲಿಸುವುದು. ಒಂದು ಮೂಲೆ ಮಾತ್ರ ಮಸುಕಾದರೆ ಲೆನ್ಸಿನ ಗಾಜು ಓರೆಯಾಗಿದೆ ಎಂದರ್ಥ. ಸರ್ವಿಸ್‌ಗೆ ಸಮಯ ಬೇಕಾಗುವುದರಿಂದ ಇದು ಹೊರಡುವ ಹಿಂದಿನ ದಿನಕ್ಕೆ ಉಳಿಯಬಾರದು.